ಒಂದು ಒರೆಯಲ್ಲಿ ಎರಡು ಕತ್ತಿ

ಮೈಸೂರಿನಲ್ಲಿ, ಕನ್ನಡದಲ್ಲಿ ಗಣಕ ಬಳಸುವ ಹಿರಿಯರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ



ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬುದು ಹಳೆಯ ಮಾತು. ಕತ್ತಿಯ ಮಟ್ಟಿಗೆ ಅದು ನಿಜವೇ ಇರಬೇಕು. ಗಣಕಯಂತ್ರದ ಮಟ್ಟಿಗೆ ನಿಜವಲ್ಲ. ಒಂದೇ ಲ್ಯಾಪ್‌ಟಾಪಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಒಂದು ಕಡೆ, ಜಗತ್ತಿನ ಸಾವಿರಾರು ಮಂದಿ ಸೇರಿ ಕಟ್ಟಿದ ಲಿನಕ್ಸ್ ಇನ್ನೊಂದು ಕಡೆ ಇರಿಸಿಕೊಂಡು, ಬೇಕಾದಾಗ ಬೇಕಾದುದನ್ನು ತೆರೆದು ಕೆಲಸ ಮಾಡಬಹುದು. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಇದನ್ನು ಬಹಳ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ಅವರಿಗೆ ಅದೊಂದು ಹವ್ಯಾಸ, ಸ್ವಲ್ಪ ಜಂಬದ ವಿಷಯವೂ ಹೌದು. ಆದರೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿಂದ ಗಣಕದಲ್ಲಿ ಕನ್ನಡ ಬರೆದು ಕೂಡಿಟ್ಟವರಿಗೆ ಈ ಏರ್ಪಾಡಿನಿಂದ ಬೇರೆಯದೇ ಒಂದು ಉಪಯೋಗವಿದೆ. ಬರೆದದ್ದನ್ನು ಕಳೆದುಕೊಳ್ಳದೆ ಮುಂದಕ್ಕೆ ಸಾಗುವ ದಾರಿ ಅದು.

ಈ ಪ್ರಶ್ನೆ ಈಗ ಏಕೆ ಎದ್ದಿತು ಎಂಬುದಕ್ಕೆ ಒಂದು ತಾರೀಖು ಇದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಯಂತ್ರಗಳೇನೂ ಅಂದು ನಿಲ್ಲಲಿಲ್ಲ. ಕಳ್ಳಕಿಂಡಿಗಳನ್ನು ಮುಚ್ಚುವ ತೇಪೆಗಳು ಎಲ್ಲರಿಗೂ ತಾವಾಗಿ ಬರುತ್ತಿದ್ದುದು ಮಾತ್ರ ನಿಂತಿತು. ಹೋಗಲಿ, ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸಾಕಷ್ಟು ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಪರದೆ, ಕೀಲಿಮಣೆ ಎಲ್ಲ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪುಗಳು ಹೀಗೆ ಒಂದು ಬೆಳಗ್ಗೆ ಮುದುಕಾದವು.

ಸರಸ್ವತೀಪುರಂನಲ್ಲೋ ಕುವೆಂಪುನಗರದಲ್ಲೋ ಇರುವ ಒಬ್ಬ ನಿವೃತ್ತ ಕನ್ನಡ ಮೇಷ್ಟ್ರನ್ನು ಊಹಿಸಿಕೊಳ್ಳಿ. ಇಂಥ ಒಂದು ಲ್ಯಾಪ್‌ಟಾಪು ಅವರ ಬಳಿ ಇದೆ. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಮಗ, "ಅಪ್ಪ, ಇದನ್ನ ಬಿಸಾಕೋದು ಬೇಡ, ಲಿನಕ್ಸ್ ಹಾಕಿಕೊಡ್ತೀನಿ" ಎನ್ನುತ್ತಾನೆ. ಸಲಹೆ ಒಳ್ಳೆಯದೇ. ಹತ್ತು ವರ್ಷದ ಹಳೆಯ ಯಂತ್ರವೂ ಲಿನಕ್ಸಿನಲ್ಲಿ ಚುರುಕಾಗಿ ಓಡುತ್ತದೆ, ಕಾಸು ಕೊಡಬೇಕಾಗಿಲ್ಲ, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಆದರೆ ಮೇಷ್ಟ್ರು ತಾವು 2003ರಲ್ಲಿ ಬರೆದ ಲೇಖನವನ್ನು ಹೊಸ ವ್ಯವಸ್ಥೆಯಲ್ಲಿ ತೆರೆದು ನೋಡಿದರೆ, 'ಕನ್ನಡ' ಎಂಬ ಪದವಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ 'ಪಿ' ಇದೆ. ಅದರ ಪಕ್ಕದಲ್ಲಿ ನೆತ್ತಿಯ ಮೇಲೆ ಓರೆ ಗೀಟು ಹೊತ್ತ 'ಎ'. ಆಮೇಲೆ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿನ 'ಎ', ಜರ್ಮನರು ಬಳಸುವ ಜೋಡಿ 'ಎಸ್', ಸಣ್ಣ 'ಕ್ಯೂ', ಕೊನೆಗೆ ಮತ್ತೊಮ್ಮೆ ಅದೇ 'ಎ'. ಒಟ್ಟು ಏಳು ಗುರುತುಗಳು, ಕನ್ನಡ ಒಂದೂ ಇಲ್ಲ.

ಕಡತ ಕೆಟ್ಟಿಲ್ಲ. ವೈರಸ್ ಹೊಕ್ಕಿಲ್ಲ. ಆ ಕಡತದ ಒಳಗೆ ಮೊದಲ ದಿನದಿಂದಲೂ ಇದ್ದದ್ದು ಈ ಏಳು ಗುರುತುಗಳೇ. ಅವುಗಳ ಮೇಲೆ ಕನ್ನಡದ ವೇಷ ತೊಡಿಸುತ್ತಿದ್ದುದು ವಿಂಡೋಸಿನಲ್ಲಿದ್ದ ಫಾಂಟು. ಇದು ಹೇಗಾಯಿತೆಂದು ತಿಳಿಯಲು ಅಚ್ಚುಮೊಳೆಗಳ ಕಾಲಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಮೈಸೂರು ಅಚ್ಚಿನ ಊರು. ವೆಸ್ಲಿಯನ್ ಮಿಷನ್ನಿನ ಅಚ್ಚುಕೂಟದಿಂದ ಹಿಡಿದು ಗಲ್ಲಿಯ ಲಗ್ನಪತ್ರಿಕೆ ಮುದ್ರಕರವರೆಗೆ ಇಲ್ಲಿ ಮೊಳೆ ಜೋಡಿಸಿದ ಕೈಗಳು ಅಸಂಖ್ಯ. ಮೊಳೆ ಜೋಡಿಸುವವನಿಗೆ ಅಕ್ಷರ ಎಂದರೆ ಉಚ್ಚಾರಣೆಯಲ್ಲ, ಆಕಾರ. ಅವನ ಮರದ ಪೆಟ್ಟಿಗೆಯ ಒಂದು ಮನೆಯಲ್ಲಿ ಅಕ್ಷರ, ಇನ್ನೊಂದರಲ್ಲಿ ಒತ್ತು, ಮತ್ತೊಂದರಲ್ಲಿ ದೀರ್ಘ. ಕಣ್ಣಿಗೆ ಸರಿ ಕಾಣುವಂತೆ ಪಕ್ಕಪಕ್ಕ ಇಟ್ಟರೆ ಪದವಾಯಿತು. ಕನ್ನಡ ಗಣಕಕ್ಕೆ ಬಂದಾಗ ತಂತ್ರಾಂಶ ಬರೆದವರು ಹೆಚ್ಚುಕಡಿಮೆ ಈ ಪೆಟ್ಟಿಗೆಯನ್ನೇ ಎತ್ತಿ ಯಂತ್ರದೊಳಗೆ ಇಟ್ಟರು. ಆ ಕಾಲದ ಯಂತ್ರಗಳಿಗೆ ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಭಾಷೆಗಳ ಗುರುತುಗಳು ಮಾತ್ರ ಗೊತ್ತಿದ್ದವು. ಒಟ್ಟು 256 ಮನೆಗಳು, ಅವುಗಳಲ್ಲೂ ಕೆಲವು ಮೀಸಲು. 'ಪಿ' ಇದ್ದ ಮನೆಯಲ್ಲಿ ತಲೆಕಟ್ಟಿಲ್ಲದ 'ಕ'ದ ಒಡಲನ್ನು ಇಟ್ಟರು, ಗೀಟಿನ 'ಎ' ಇದ್ದಲ್ಲಿ ತಲೆಕಟ್ಟನ್ನು, ಜರ್ಮನ್ 'ಎಸ್' ಇದ್ದಲ್ಲಿ 'ನ'ದ ಒತ್ತನ್ನು. ಯಂತ್ರ ತಾನು ಇಂಗ್ಲಿಷನ್ನೇ ಬರೆಯುತ್ತಿದ್ದೇನೆ ಎಂದು ನಂಬಿತ್ತು, ನೋಡುವವರಿಗೆ ಕನ್ನಡ ಕಾಣುತ್ತಿತ್ತು. ಒಂದು ರೀತಿಯ ಬಯಲಾಟ ಅದು, ವೇಷ ಕಳಚುವವರೆಗೆ ಯಾರಿಗೂ ತೊಂದರೆಯಿಲ್ಲ.

ಇದನ್ನು ಹಗುರವಾಗಿ ಕಾಣುವುದು ಸಲ್ಲದು. ಆ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ, ಮತ್ತು ಕನ್ನಡವನ್ನು ಗಣಕದಲ್ಲಿ ಬದುಕಿಸಿದ್ದು ಈ ಉಪಾಯವೇ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ 'ಬರಹ', ಅದರ ಹಿಂದೆಯೇ ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಇವುಗಳಿಂದಾಗಿ ಸಾವಿರಾರು ಮಂದಿ ಮೊದಲ ಬಾರಿಗೆ ಪರದೆಯ ಮೇಲೆ ತಮ್ಮ ಭಾಷೆಯನ್ನು ಕಂಡರು. ಕಚೇರಿಯ ಸುತ್ತೋಲೆ, ಪಿಎಚ್.ಡಿ. ಪ್ರಬಂಧ, ಊರ ದೇವಸ್ಥಾನದ ಜೀರ್ಣೋದ್ಧಾರದ ಕರಪತ್ರ, ಎಲ್ಲವೂ ಹೀಗೆ ತಯಾರಾದವು. ತೊಡಕು ಇದ್ದದ್ದು ಇಷ್ಟೇ: ಪುಸ್ತಕೋದ್ಯಮ ಮತ್ತು ಪತ್ರಿಕೆಗಳು ನೆಚ್ಚಿದ್ದ ಶ್ರೀಲಿಪಿ, ಆಕೃತಿ ಮುಂತಾದ ವಾಣಿಜ್ಯ ತಂತ್ರಾಂಶಗಳು ಪ್ರತಿಯೊಂದೂ ತನ್ನದೇ ಪೆಟ್ಟಿಗೆಯನ್ನು ಜೋಡಿಸಿಕೊಂಡಿದ್ದವು. ಒಬ್ಬರ 'ಕ' ಇನ್ನೊಬ್ಬರಲ್ಲಿ ಮತ್ತೇನೋ. ಮತ್ತು ಇವೆಲ್ಲವೂ ವಿಂಡೋಸಿನ ಒಕ್ಕಲುಗಳು.

ಇನ್ನೊಂದು ಮಾರ್ಗವೂ ಅದೇ ಕಾಲಕ್ಕೆ ನಡೆಯುತ್ತಿತ್ತು, ಅದರ ಒಂದು ಕೊಂಡಿ ಮೈಸೂರಿನಲ್ಲೇ ಇದೆ. 1969ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯ ಭಾರತೀಯ ಭಾಷಾ ಸಂಸ್ಥಾನದಲ್ಲಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1991ರಲ್ಲಿ ಆರಂಭಿಸಿದ ಭಾಷಾ ತಂತ್ರಜ್ಞಾನ ಯೋಜನೆಯ ಅಡಿಯಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂಗಳ ಲಕ್ಷಾಂತರ ಪದಗಳ ಪಠ್ಯಭಂಡಾರವನ್ನು ಗಣಕಕ್ಕೆ ಏರಿಸಲಾಯಿತು. ಅಲ್ಲಿ ಬಳಸಿದ್ದು ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿ. ಅದು ಆಕಾರವನ್ನು ಲೆಕ್ಕಿಸುವುದಿಲ್ಲ, ಉಚ್ಚಾರಣೆಯ ಕ್ರಮವನ್ನು ಬರೆದಿಡುತ್ತದೆ. ಮೊದಲು 'ಕ', ಆಮೇಲೆ 'ನ', ಅದರ ಸ್ವರವನ್ನು ಕತ್ತರಿಸುವ ಒಂದು ಗುರುತು, ಮತ್ತೆ 'ನ', ಕೊನೆಗೆ 'ಡ'. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಹೇಗಿರಬೇಕು ಎಂಬುದು ತೋರಿಸುವಾಗಿನ ಚಿಂತೆ. ಕೂಡಿಡುವಾಗ ಅದು ಬೇಕಾಗಿಲ್ಲ. 1991ರಲ್ಲೇ ಹೊರಬಂದ ಜಾಗತಿಕ ಯೂನಿಕೋಡ್ ಪದ್ಧತಿ ಭಾರತೀಯ ಲಿಪಿಗಳಿಗೆ ಈ ಇಸ್ಕಿಯ ಮೇಲ್ಪಂಕ್ತಿಯನ್ನೇ ಅನುಸರಿಸಿತು, ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಹಾಗಾಗಿ ಸಂಸ್ಥಾನದ ಭಂಡಾರ ಮುಂದೆ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಯೂನಿಕೋಡಿಗೆ ಬದಲಾದಾಗ ಅಷ್ಟೇನೂ ಹೆಣಗಬೇಕಾಗಿರಲಿಲ್ಲ. ಆಕಾರಕ್ಕೆ ಕಟ್ಟುಬಿದ್ದ ಕಡತಗಳಿಗೆ ಆ ಸುಖವಿಲ್ಲ.

ವಿಂಡೋಸ್ 2001ರ ಎಕ್ಸ್‌ಪಿ ಆವೃತ್ತಿಯಿಂದ ಯೂನಿಕೋಡ್ ಕನ್ನಡವನ್ನು ತೋರಿಸುತ್ತಿದೆ. ಲಿನಕ್ಸೂ ಅದನ್ನು ಬಹುಕಾಲದಿಂದ ತಿಳಿದಿದೆ. ನುಡಿ, ಬರಹಗಳ ನಂತರದ ಆವೃತ್ತಿಗಳು ಯೂನಿಕೋಡನ್ನೂ ಸೇರಿಸಿಕೊಂಡವು. ಆದರೆ ಅಭ್ಯಾಸ ಬೇಗ ಬದಲಾಗಲಿಲ್ಲ. ಯೂನಿಕೋಡ್ ಬಂದ ಮೇಲೂ ಎಷ್ಟೋ ವರ್ಷ ಕಚೇರಿಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ ಹಳೆಯ ಪೆಟ್ಟಿಗೆಯಿಂದಲೇ ಕೆಲಸ ಸಾಗಿತು. ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದರಲ್ಲಿ ಕಟ್ಟಿದ ಕನ್ನಡ ಪುಸ್ತಕಗಳು ಆಮೇಲೂ ಬಹಳ ಕಾಲ ಹೊರಬರುತ್ತಲೇ ಇದ್ದವು. ಅವೆಲ್ಲ ಈಗ ಯಾರ್ಯಾರದೋ ಹಾರ್ಡ್ ಡಿಸ್ಕಿನಲ್ಲಿ, ಸಿ.ಡಿ.ಗಳಲ್ಲಿ ಮಲಗಿವೆ.

ಮೇಷ್ಟ್ರ ಮುಂದಿರುವ ಆಯ್ಕೆ ಈಗ ಸ್ಪಷ್ಟವಾಗುತ್ತದೆ. ಹಳೆಯ ಫಾಂಟುಗಳನ್ನು ಲಿನಕ್ಸಿಗೆ ನಕಲಿಸಿಕೊಂಡರೆ ಹಳೆಯ ಕಡತಗಳನ್ನು ಬಹುಮಟ್ಟಿಗೆ ಓದಬಹುದು. ತಿದ್ದಲು, ಮತ್ತೆ ಮುದ್ರಣಕ್ಕೆ ಸಿದ್ಧಪಡಿಸಲು, ಸರಿಯಾಗಿ ಪರಿವರ್ತಿಸಲು ಆ ಕಾಲದ ತಂತ್ರಾಂಶವೇ ಬೇಕು, ಅದಕ್ಕೆ ವಿಂಡೋಸೇ ಬೇಕು. ಹೊಸದಾಗಿ ಬರೆಯಲು, ಅಂತರಜಾಲದಲ್ಲಿ ಅಡ್ಡಾಡಲು, ಬ್ಯಾಂಕಿನ ವ್ಯವಹಾರಕ್ಕೆ ತೇಪೆಗಳು ತಪ್ಪದೆ ಬರುವ ಲಿನಕ್ಸ್ ಒಳ್ಳೆಯದು. ಹಾಗಾದರೆ ಎರಡೂ ಇರಲಿ.

ಅದು ಹೇಗೆ ಸಾಧ್ಯ? ಕಾರ್ಯಾಚರಣಾ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ ಎನ್ನುವುದು ಯಂತ್ರದ ಮನೆವಾರ್ತೆ ನೋಡಿಕೊಳ್ಳುವ ತಂತ್ರಾಂಶ. ಕೀಲಿ ಒತ್ತಿದ್ದನ್ನು ಕೇಳಿಸಿಕೊಳ್ಳುವುದು, ಪರದೆಗೆ ಬರೆಯುವುದು, ಕಡತವನ್ನು ಡಿಸ್ಕಿನ ಯಾವ ಮೂಲೆಯಲ್ಲಿಟ್ಟೆ ಎಂದು ನೆನಪಿಡುವುದು ಎಲ್ಲ ಅದರ ಕೆಲಸ. ಒಂದು ಮನೆಗೆ ಏಕಕಾಲಕ್ಕೆ ಇಬ್ಬರು ಯಜಮಾನಿಯರಿದ್ದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಇಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಎರಡೂ ವ್ಯವಸ್ಥೆಗಳು ಡಿಸ್ಕಿನಲ್ಲಿ ಇರುತ್ತವೆಯೇ ಹೊರತು ಒಟ್ಟಿಗೆ ಎಚ್ಚರವಿರುವುದಿಲ್ಲ. ಒಂದು ಎದ್ದಾಗ ಇನ್ನೊಂದು ಪೂರ್ತಿ ನಿದ್ರೆಯಲ್ಲಿ. 'ಎರಡೆರಡು ಹಾಕಿದರೆ ಯಂತ್ರ ನಿಧಾನವಾಗುವುದಿಲ್ಲವೇ' ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಖರ್ಚಾಗುವುದು ಡಿಸ್ಕಿನ ಜಾಗ ಮಾತ್ರ. ಉಬುಂಟು ಎಂಬ ಪ್ರಚಲಿತ ಲಿನಕ್ಸಿಗೆ ಕನಿಷ್ಠ 25 ಜಿಬಿ ಬೇಕೆನ್ನುತ್ತಾರೆ, ಅದರ ಎರಡರಷ್ಟು ಕೊಟ್ಟರೆ ನೆಮ್ಮದಿ.

ಮೈಸೂರಿನ ಹಳೆಯ ವಠಾರಗಳನ್ನು ಕಂಡವರಿಗೆ ಉಳಿದದ್ದು ಸುಲಭ. ಬೀದಿಗೆ ಒಂದೇ ಬಾಗಿಲು, ಒಳಗೆ ಗೋಡೆ ಹಾಕಿ ಬೇರೆ ಮಾಡಿದ ಮನೆಗಳು. ಡಿಸ್ಕಿನಲ್ಲಿ ಹಾಕುವ ಗೋಡೆಗೆ ಪಾರ್ಟಿಷನ್ ಎಂದು ಹೆಸರು. ಹಿಂದಿನ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳ ಪುಟ್ಟ ಜಾಗದಲ್ಲೇ ಎಲ್ಲ ಅಡಗಿತ್ತು: ಯಂತ್ರವನ್ನು ಎಬ್ಬಿಸುವ ಸೂತ್ರಕ್ಕೆ 446 ಬೈಟು, ಮನೆಗಳ ಪಟ್ಟಿಗೆ 64, ಕೊನೆಯ ಎರಡು ಮೊಹರು. ಪಟ್ಟಿಯಲ್ಲಿ ನಾಲ್ಕೇ ಮನೆಗಳಿಗೆ ಸ್ಥಳ. ಈಗಿನ ಯಂತ್ರಗಳಲ್ಲಿ ಬಳಸುವ ಜಿಪಿಟಿ ಪಟ್ಟಿ ಸಾಮಾನ್ಯವಾಗಿ 128 ಮನೆಗಳಿಗೆ ಅವಕಾಶ ಕೊಡುತ್ತದೆ. ಯಂತ್ರಕ್ಕೆ ವಿದ್ಯುತ್ ಹರಿದ ಕೂಡಲೆ ಯುಇಎಫ್‌ಐ ಎಂಬ ಮೂಲ ತಂತ್ರಾಂಶ ಎದ್ದು, ಬಾಗಿಲ ಬಳಿ ಕಾದಿರುವ ಬೂಟ್ ಲೋಡರನ್ನು ಕರೆಯುತ್ತದೆ. ಲಿನಕ್ಸಿನ ಜೊತೆ ಬರುವ ಬೂಟ್ ಲೋಡರಿನ ಹೆಸರು ಗ್ರಬ್. ಅದು ಪರದೆಯ ಮೇಲೆ ಎರಡು ಹೆಸರು ತೋರಿಸಿ, ಯಾರ ಮನೆಗೆ ಹೋಗಬೇಕು ಎಂದು ಕೇಳುತ್ತದೆ. ಕೆಲವು ಕ್ಷಣ ಉತ್ತರ ಬರದಿದ್ದರೆ ಮೊದಲನೆಯದಕ್ಕೆ ಕರೆದೊಯ್ಯುತ್ತದೆ. ಬಾಣದ ಗುರುತಿನ ಕೀಲಿಯಿಂದ ಆರಿಸಿ ಎಂಟರ್ ಒತ್ತಿದರೆ ಮುಗಿಯಿತು; ಬಳಸುವವರ ಕಡೆಯಿಂದ ಎರಡು ವ್ಯವಸ್ಥೆಗಳ ಕಥೆ ಇಷ್ಟೇ.

ಸ್ವತಃ ಲಿನಕ್ಸ್ ಹುಟ್ಟಿದ್ದೂ ಇಂಥ ವಠಾರದಲ್ಲೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ ಹೊಸ ಗಣಕದಲ್ಲಿ ಮಿನಿಕ್ಸ್ ಎಂಬ ಪಠ್ಯಪುಸ್ತಕದ ವ್ಯವಸ್ಥೆಯನ್ನು ಇಟ್ಟುಕೊಂಡು, ಅದರ ಪಕ್ಕದಲ್ಲಿ ತನ್ನದನ್ನು ಬರೆಯುತ್ತಿದ್ದ. ಒಂದು ದಿನ ಮೋಡೆಮ್ಮಿಗೆ ಕಳುಹಿಸಬೇಕಾದ ಆಜ್ಞೆಯನ್ನು ತಪ್ಪಿ ಡಿಸ್ಕಿಗೆ ಕಳುಹಿಸಿ ಮಿನಿಕ್ಸಿನ ಮನೆಯನ್ನು ಹಾಳುಮಾಡಿಕೊಂಡ. ಅದನ್ನು ಮತ್ತೆ ಕಟ್ಟುವುದು ಬೇಡವೆಂದು ತೀರ್ಮಾನಿಸಿ ತನ್ನದರಲ್ಲೇ ಉಳಿದ. ಆಗ ಅದಿನ್ನೂ ಅರೆಬೆಂದ ಅಡುಗೆ.

ಟೋರ್ವಾಲ್ಡ್ಸ್‌ಗೆ ಆದದ್ದು ಮೇಷ್ಟ್ರಿಗೆ ಆಗಬಾರದು. ಗೋಡೆ ಹಾಕುವ ಮೊದಲು ಎಲ್ಲ ಬರಹಗಳನ್ನೂ ಹೊರಗಿನ ಇನ್ನೊಂದು ಡಿಸ್ಕಿಗೆ ನಕಲಿಸಿ, ಅದನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ ಬೀರುವಿನಲ್ಲಿಡಬೇಕು. ಪೆನ್‌ಡ್ರೈವೊಂದನ್ನೇ ನಂಬುವಂತಿಲ್ಲ. ವಿಂಡೋಸಿನ ಮನೆಗೆ ಬಿಟ್‌ಲಾಕರ್ ಎಂಬ ಬೀಗ ಹಾಕಿದ್ದರೆ, ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಬಾಗಿಲಿನ ವ್ಯವಸ್ಥೆ ಬದಲಾದದ್ದನ್ನು ಕಂಡು ಬೀಗ ಹೆದರಿ ಕೀಲಿ ಕೇಳುವುದುಂಟು, ಆಗ ಕೊಡದಿದ್ದರೆ ಒಳಗಿನದೆಲ್ಲ ಹೋಯಿತೆಂದೇ ಲೆಕ್ಕ. ವಿಂಡೋಸಿನ ಮನೆಯನ್ನು ಕಿರಿದು ಮಾಡಲು ವಿಂಡೋಸಿನಲ್ಲೇ ಇರುವ ಸಲಕರಣೆ ಬಳಸುವುದು ಕ್ಷೇಮ. ಎರಡನ್ನೂ ಹೊಸದಾಗಿ ಹಾಕುವುದಾದರೆ ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ. ತಿರುವುಮುರುವಾದರೆ ವಿಂಡೋಸ್ ತನ್ನ ಬೂಟ್ ಲೋಡರನ್ನೇ ಮುಂದೆ ತಂದು ನಿಲ್ಲಿಸುತ್ತದೆ, ಲಿನಕ್ಸ್ ಒಳಗಿದ್ದೂ ಕಾಣಿಸದಂತಾಗುತ್ತದೆ. ಸರಿಪಡಿಸಬಹುದು, ಆದರೆ ಅರ್ಧ ದಿನದ ಕೆಲಸ.

ನೆರೆಹೊರೆಯವರ ನಡುವೆ ಸಣ್ಣಪುಟ್ಟ ಜಗಳ ಇದ್ದೇ ಇರುತ್ತದೆ. ವಿಂಡೋಸಿನ ಕಡತಗಳನ್ನು ಲಿನಕ್ಸ್ ಓದಬಲ್ಲದು, ಬರೆಯಬಲ್ಲದು. ಲಿನಕ್ಸಿನ ಮನೆಯೊಳಗೆ ಏನಿದೆ ಎಂದು ವಿಂಡೋಸ್ ಮಾತ್ರ ತಾನಾಗಿ ಓದಲಾರದು. ಆದುದರಿಂದ ಇಬ್ಬರಿಗೂ ಬೇಕಾದ ಕಡತಗಳನ್ನು ಇಬ್ಬರಿಗೂ ಗುರುತಿರುವ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನಲ್ಲಿ, ವಠಾರದ ಬಾವಿಯಂತೆ ಸಾಮಾನ್ಯವಾಗಿ ಇಡುವುದು ರೂಢಿ. ಇನ್ನೊಂದು ಅಪಾಯ ಅಷ್ಟು ಎದ್ದು ಕಾಣುವುದಿಲ್ಲ. 2012ರ ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಕರ್ಯ ಬಂದಿದೆ. ಯಂತ್ರ ಆರಿಸಿದೆವೆಂದು ನಾವು ತಿಳಿಯುತ್ತೇವೆ. ವಿಂಡೋಸ್ ಪೂರ್ತಿ ಆರದೆ, ತಾನು ಎಲ್ಲಿದ್ದೆ ಎಂಬುದನ್ನು ಬರೆದಿಟ್ಟು ಕಣ್ಣು ಮುಚ್ಚಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಹೋಗಿ ಅದರ ಕಪಾಟಿನಲ್ಲಿ ಏನಾದರೂ ಬದಲಾಯಿಸಿದರೆ, ಎದ್ದ ವಿಂಡೋಸಿನ ಲೆಕ್ಕ ತಪ್ಪಿ ಕಡತಗಳು ಕೆಡಬಹುದು. ಎರಡು ವ್ಯವಸ್ಥೆ ಇಟ್ಟುಕೊಂಡವರು ಮಾಡಬೇಕಾದ ಮೊದಲ ಕೆಲಸ ಈ ಸೌಕರ್ಯವನ್ನು ನಿಲ್ಲಿಸುವುದು.

ಗಡಿಯಾರದ ಜಗಳ ನಗು ತರಿಸುವಂಥದು. ಲ್ಯಾಪ್‌ಟಾಪು ಆರಿದ್ದಾಗಲೂ ಒಳಗೊಂದು ಪುಟ್ಟ ಗಡಿಯಾರ ನಡೆಯುತ್ತಿರುತ್ತದೆ. ವಿಂಡೋಸ್ ಅದರಲ್ಲಿ ಊರಿನ ಸಮಯವನ್ನೇ ಬರೆದಿಡುತ್ತದೆ. ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ಭಾವಿಸಿ, ಭಾರತದ ಲೆಕ್ಕಕ್ಕೆ ಐದೂವರೆ ಗಂಟೆ ಕೂಡಿಸುತ್ತದೆ. ಬೆಳಗ್ಗೆ ಹತ್ತಕ್ಕೆ ವಿಂಡೋಸ್ ಆರಿಸಿ ಲಿನಕ್ಸ್ ತೆರೆದರೆ ಮಧ್ಯಾಹ್ನ ಮೂರೂವರೆ. ಲಿನಕ್ಸ್ ಸರಿಪಡಿಸಿಕೊಂಡ ಮೇಲೆ ವಿಂಡೋಸಿಗೆ ಹಿಂತಿರುಗಿದರೆ ನಸುಕಿನ ನಾಲ್ಕೂವರೆ. ಅಂತರಜಾಲ ಸಿಕ್ಕಿದ ಕೂಡಲೆ ಎರಡೂ ತಿದ್ದಿಕೊಳ್ಳುತ್ತವೆ, ಇಲ್ಲವೇ ಲಿನಕ್ಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟು ಶಾಶ್ವತವಾಗಿ ರಾಜಿ ಮಾಡಿಸಬಹುದು. ಮೈಸೂರಿನ ಸೂರ್ಯನಿಗೆ ಇವರಿಬ್ಬರ ಗಡಿಯಾರವೂ ಒಪ್ಪಿಗೆಯಿಲ್ಲ ಎಂಬುದು ಬೇರೆ ಮಾತು: ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು, ಮೈಸೂರು ಅದಕ್ಕಿಂತ ಸುಮಾರು 23 ನಿಮಿಷ ಹಿಂದಿದೆ.

ಗೋಡೆ ಹಾಕುವ ಗೋಜೇ ಬೇಡವೆನ್ನುವವರಿಗೆ ಬೇರೆ ಉಪಾಯಗಳಿವೆ. ಒಂದು ವ್ಯವಸ್ಥೆಯ ಒಳಗೆ ಇನ್ನೊಂದನ್ನು ಕಿಟಕಿಯೊಂದರಲ್ಲಿ ಓಡಿಸುವ 'ವರ್ಚುವಲ್ ಮಶೀನ್' ಅವುಗಳಲ್ಲಿ ಒಂದು. ಅಲ್ಲಿ ಇಬ್ಬರೂ ಒಟ್ಟಿಗೆ ಎಚ್ಚರವಿರುವುದರಿಂದ ಹಳೆಯ ಯಂತ್ರಕ್ಕೆ ಅದು ಭಾರ. ವಿಂಡೋಸಿನ ತಂತ್ರಾಂಶಗಳನ್ನು ಲಿನಕ್ಸಿನಲ್ಲೇ ನಡೆಸಲೆತ್ನಿಸುವ 'ವೈನ್' ಇದೆ, ಕೆಲವಕ್ಕೆ ಒಗ್ಗುತ್ತದೆ, ಕೆಲವಕ್ಕೆ ಇಲ್ಲ. ವಿಂಡೋಸ್ 10 ಇರುವ ಹಳೆಯ ಯಂತ್ರಕ್ಕೆ ಎರಡು ಮನೆಗಳ ವಠಾರವೇ ಸೂಕ್ತ, ಒಂದು ಷರತ್ತಿನ ಮೇಲೆ: ತೇಪೆ ನಿಂತ ವಿಂಡೋಸ್ ತೆರೆದಾಗ ಅಂತರಜಾಲದ ಸಂಪರ್ಕ ಕಡಿದಿರಬೇಕು. ಅದರಲ್ಲಿ ಹಳೆಯ ಕಡತ ತೆರೆಯುವುದಷ್ಟೇ ಕೆಲಸ.

ಕೆಲಸ ನಿಜವಾಗಿ ಶುರುವಾಗುವುದು ಆಮೇಲೆ. ಇಷ್ಟೆಲ್ಲ ಮಾಡುವುದು ಹಳೆಯ ಕಡತಗಳನ್ನು ಹಳೆಯದರಲ್ಲೇ ಕೂಡಿಹಾಕಲು ಅಲ್ಲ, ಒಂದೊಂದಾಗಿ ಯೂನಿಕೋಡಿಗೆ ದಾಟಿಸಲು. ನುಡಿ, ಬರಹದ ಕಡತಗಳಿಗೆ ಪರಿವರ್ತಕ ತಂತ್ರಾಂಶಗಳಿವೆ, ಕ್ಷಣಾರ್ಧದಲ್ಲಿ ನೂರು ಪುಟ ಬದಲಾಯಿಸುತ್ತವೆ. ಆ ವೇಗವನ್ನು ಕಂಡು ಮೂಲವನ್ನು ಅಳಿಸಿದವರು ಕೆಟ್ಟರು. ಏಕೆಂದು ಒಂದು ಉದಾಹರಣೆಯಿಂದ ತಿಳಿಯಬಹುದು. 'ಕಾರ್ಯದರ್ಶಿ' ಎಂದು ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಕಾಣುವುದು ಅಕ್ಷರದ ನಂತರ, ನಾಲಿಗೆಗೆ ಬರುವುದು ಅಕ್ಷರದ ಮೊದಲು. ಆಕಾರದ ಪದ್ಧತಿ ಕಣ್ಣನ್ನು ನಂಬಿದೆ, ಯೂನಿಕೋಡ್ ನಾಲಿಗೆಯನ್ನು. ಇದನ್ನರಿಯದ ಪರಿವರ್ತಕ ಕಾರ್ಯದರ್ಶಿಯನ್ನು 'ಕಾಯರ್ದಶಿರ್' ಮಾಡಿಬಿಡುತ್ತದೆ, ಸೂರ್ಯನನ್ನು 'ಸೂಯರ್' ಮಾಡುತ್ತದೆ. ಅಂತರಜಾಲದಲ್ಲಿ ಇಂಥ ಸೂಯರ್‌ಗಳು ಈಗಲೂ ಸಾಕಷ್ಟು ಉದಯಿಸುತ್ತಿವೆ. 'ರ‍್ಯಾಂಕ್', 'ರ‍್ಯಾಲಿ' ಮುಂತಾದ ಪದಗಳದ್ದು ಇದಕ್ಕೆ ತದ್ವಿರುದ್ಧ ತೊಡಕು: ಅಲ್ಲಿ ರಕಾರ ಅರ್ಕಾವೊತ್ತಾಗದೆ ನೆಟ್ಟಗೆ ನಿಲ್ಲಬೇಕು, ಅದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತನ್ನು ನಡುವೆ ಇಡಬೇಕು. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಇನ್ನೊಂದು ಪೇಚು. ಕಡತದೊಳಗೆ ಎರಡೂ ಇಂಗ್ಲಿಷಿನ ಮನೆಗಳಲ್ಲೇ ಇರುವುದರಿಂದ, ಫಾಂಟಿನ ವಿವರ ಕಳೆದುಹೋಗಿದ್ದರೆ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ ಕನ್ನಡ ಎಂದು ಪರಿವರ್ತಕಕ್ಕೆ ತಿಳಿಯದು. ಪುಸ್ತಕಪಟ್ಟಿಯ ಆಂಗ್ಲ ಗ್ರಂಥಕರ್ತರೆಲ್ಲ ಅರ್ಥವಿಲ್ಲದ ಒತ್ತಕ್ಷರಗಳ ಸರಮಾಲೆಯಾಗುತ್ತಾರೆ.

ಹೀಗಾಗಿ ಪರಿವರ್ತಿಸಿದ್ದನ್ನು ಮೂಲದೊಡನೆ ಹೋಲಿಸಿ ಓದುವ ಮನುಷ್ಯ ಬೇಕು. ಎರಡು ವ್ಯವಸ್ಥೆಗಳ ಲ್ಯಾಪ್‌ಟಾಪು ಅನುಕೂಲವಾಗುವುದು ಇಲ್ಲಿ. ವಿಂಡೋಸಿನಲ್ಲಿ ಮೂಲವನ್ನು ತೆರೆದು, ಕಣ್ಣಿಗೆ ಕಾಣುವಂತೆಯೇ ಪಿಡಿಎಫ್ ಮಾಡಿ ಸಾಮಾನ್ಯ ಪಾರ್ಟಿಷನ್ನಿನಲ್ಲಿಡುವುದು. ಪರಿವರ್ತನೆಯನ್ನೂ ಅಲ್ಲೇ ಮುಗಿಸುವುದು. ಆಮೇಲೆ ಲಿನಕ್ಸಿಗೆ ಬಂದು ಒಂದು ಕಡೆ ಪಿಡಿಎಫ್, ಇನ್ನೊಂದು ಕಡೆ ಲಿಬ್ರೆ ಆಫೀಸಿನಲ್ಲಿ ಹೊಸ ಪಠ್ಯ ಇಟ್ಟುಕೊಂಡು ಕರಡು ತಿದ್ದುವುದು. ನುಡಿಯಲ್ಲಿ ಕೈ ಪಳಗಿದವರು ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ, ಕೆ.ಪಿ. ರಾವ್ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ. ದಾಟಿದ ಪಠ್ಯದಲ್ಲಿ ಪದ ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು, ಮೊಬೈಲಿನಲ್ಲಿ ಓದಬಹುದು. ಹಳೆಯದರಲ್ಲಿ ಸಾಮಾನ್ಯ ವಿಂಗಡಣೆ ಮಾಡಿದರೆ ಬರುವುದು ಇಂಗ್ಲಿಷ್ ಅಕ್ಷರಗಳ ಕ್ರಮ, ಕನ್ನಡದ್ದಲ್ಲ.

ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಥೆ ಮೈಸೂರಿನವರಿಗೆ ಹೊಸದಲ್ಲ. 1891ರಲ್ಲಿ ಸ್ಥಾಪನೆಯಾದ ಆ ಗ್ರಂಥಭಂಡಾರಕ್ಕೆ ತಂಜಾವೂರಿನ ಕಡೆಯ ಪಂಡಿತರೊಬ್ಬರಿಂದ ಬಂದ ತಾಳೆಗರಿಯ ಕಟ್ಟಿನಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಆ ಗರಿಗಳ ಮೇಲಿದ್ದದ್ದು ಗ್ರಂಥ ಲಿಪಿ. ಶಾಸ್ತ್ರಿಗಳಿಗೆ ಆ ಲಿಪಿಯೂ ಗೊತ್ತಿತ್ತು, ಅದರೊಳಗಿನ ಸಂಸ್ಕೃತವೂ ಗೊತ್ತಿತ್ತು. ಗರಿಗೂ ಸಿ.ಡಿ.ಗೂ ಒಂದು ವ್ಯತ್ಯಾಸವಿದೆ. ಲಿಪಿ ಮರೆತುಹೋದರೂ ಗರಿಯ ಮೇಲಿನ ಗೀರು ಕಣ್ಣಿಗೆ ಕಾಣುತ್ತಿರುತ್ತದೆ, ಮುಂದೊಬ್ಬರು ಬಿಡಿಸಿಯಾರು. ಆಕಾರದ ಸಂಕೇತದಲ್ಲಿರುವ ಕನ್ನಡ ಕಡತದಲ್ಲಿ ಗೀರಿರುವುದು ಫಾಂಟಿನಲ್ಲಿ, ಕಡತದಲ್ಲಲ್ಲ. ಆದುದರಿಂದ ಯಾವ ಕಡತ ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ತಯಾರಾಯಿತು ಎಂದು ಒಂದು ಚೀಟಿಯಲ್ಲಿ ಬರೆದು, ಆ ಫಾಂಟನ್ನೂ ಕಡತದ ಜೊತೆಯಲ್ಲೇ ಇಟ್ಟವರು ಅರ್ಧ ಕೆಲಸ ಮುಗಿಸಿದಂತೆ. ಹಾಗಿಡದೆ ಹೋದ ಬರಹಗಾರರ ಮನೆಗಳಲ್ಲಿ, ಅವರ ನಂತರ ಮಕ್ಕಳು ಡಬ್ಬಿಯಿಂದ ಸಿ.ಡಿ. ತೆಗೆದು, ತೆರೆದು, ಪೌಂಡಿನ ಚಿಹ್ನೆಗಳನ್ನು ಕಂಡು ಇದೇನೋ ಕೆಟ್ಟಿದೆ ಎಂದು ಎಸೆಯುವ ಸಂಭವ ಹೆಚ್ಚು.

ಮೇಷ್ಟ್ರ ಲ್ಯಾಪ್‌ಟಾಪಿಗೆ ಬಂದರೆ, ಇಪ್ಪತ್ತು ವರ್ಷಗಳ ಬರಹ ದಾಟಿಸಲು ದಿನಕ್ಕೆ ಹತ್ತು ಪುಟದಂತೆ ಕರಡು ನೋಡಿದರೂ ಮೂರು ಸಾವಿರ ಪುಟಕ್ಕೆ ಹತ್ತು ತಿಂಗಳು ಬೇಕು. ಅಲ್ಲಿಯವರೆಗೆ ವಿಂಡೋಸಿನ ಮನೆ ಖಾಲಿ ಮಾಡಿಸುವಂತಿಲ್ಲ. ಮುಗಿದ ಮೇಲೆ ಆ ಗೋಡೆ ಕೆಡವಿ ಜಾಗವನ್ನು ಲಿನಕ್ಸಿಗೆ ಸೇರಿಸಲು ಅರ್ಧ ಗಂಟೆ ಸಾಕು. ಮೊದಲು ಯಾವ ಕಡತ ತೆಗೆಯಬೇಕೆಂಬುದನ್ನು ಅವರೇ ತೀರ್ಮಾನಿಸಬೇಕು. ಅಚ್ಚಾಗಿ ಪುಸ್ತಕವಾಗಿರುವುದು ಕಾಯಬಹುದು, ಎಲ್ಲೂ ಅಚ್ಚಾಗದೆ ಡಿಸ್ಕಿನಲ್ಲಿ ಮಾತ್ರ ಇರುವುದು ಮೊದಲು ದಾಟಬೇಕು.